ಅಪ್ಪ ತಿಂದ ಬೇರು

ಜಿನ್ಸೆಂಗ್ ತೋಟ, ಚಾಂಗ್‌ಬೈ ಬೆಟ್ಟದ ತಪ್ಪಲು
14 ಡಿಸೆಂಬರ್ 1986

ಯೂಜಿ ಅತ್ತಿಗೆಗೆ,

ಪಾರ್ಸೆಲ್ ಇವತ್ತು ವಾಪಸು ಬಂತು. ಇದು ಮೂರನೆಯ ವರ್ಷ. ನಾನೇ ಹೊಲಿದ ಬಟ್ಟೆ, ನಾನೇ ಹಾಕಿದ ಗಂಟು. ಯಾರೂ ಬಿಚ್ಚಿ ಸಹ ನೋಡಿಲ್ಲ. ಮೇಲೆ ಮಾತ್ರ ನೀಲಿ ಮುದ್ರೆ ಒತ್ತಿದ್ದಾರೆ, ಪಡೆಯಲು ಒಪ್ಪಲಿಲ್ಲ ಎಂದು. ಮೊದಲ ವರ್ಷ ಅಂಚೆಯ ಮುದುಕ, "ವಿಳಾಸ ತಪ್ಪಾಗಿ ಬರೆದ್ಯೇನಮ್ಮಾ?" ಎಂದು ಕೇಳಿದ್ದ. ಈ ಸಲ ನನ್ನ ಮುಖ ನೋಡದೆ ಸಹಿ ಹಾಕಿಸಿಕೊಂಡು ಹೋದ.

ನೀವು ನಮ್ಮ ಓಣಿಯಲ್ಲೇ ಇರುವವರು, ನಿಮಗೆ ಬಿಡಿಸಿ ಹೇಳಬೇಕಾಗಿಲ್ಲ. ಚಳಿ ಕಾಲಿಡುವ ದಿನ ಹೆಂಗಸರೆಲ್ಲ ಬಾಗಿಲಲ್ಲಿ ನಿಂತು ಕೇಳುವುದು ಒಂದೇ ಮಾತು: "ಮಗಳು ಏನು ಕಳಿಸಿದ್ಲು?" ಮದುವೆಯಾಗಿ ಹೋದವಳು ಆ ದಿನ ತವರಿಗೆ ಪುಷ್ಟಿ ಕಳಿಸಬೇಕು. ಕೋಳಿಯೋ, ಬಾತುಕೋಳಿಯೋ, ಹಂದಿಯ ಕಾಲೋ, ಔಷಧದ ಬೇರೋ, ಕೈಲಾದದ್ದು. ಹೆತ್ತವರ ಮೈಯಲ್ಲಿ ಚಳಿಗಾಲಕ್ಕಾಗುವಷ್ಟು ಬಿಸಿ ಉಳಿಯಬೇಕು. ಕಳಿಸದವಳನ್ನು ಓಣಿಯವರು ಮಗಳೆಂದು ಲೆಕ್ಕಕ್ಕೆ ಹಿಡಿಯುವುದಿಲ್ಲ. ಎದುರು ಮನೆಯ ಬಾವ್‌ಜೂ ಕೈಯಲ್ಲಿ ಕೋಳಿ ತೂಗಾಡಿಸಿಕೊಂಡು ನಡೆದೇ ಬರುತ್ತಾಳೆ. ಅವಳನ್ನು ಕೊಟ್ಟದ್ದು ಹತ್ತು ಮನೆಯಾಚೆ. ನಾನಿರುವುದು ನಾಲ್ಕು ಹಗಲು ನಾಲ್ಕು ರಾತ್ರಿಯ ರೈಲಿನಾಚೆ. ಇಲ್ಲಿಯ ಉತ್ತರದವರಿಗೆ ಈ ಗೊಡವೆಯೇ ಇಲ್ಲ. ಆ ದಿನ ಕಿವಿಯಾಕಾರದ ಕಡುಬು ಬೇಯಿಸಿ ತಿಂದು, ಇನ್ನು ಕಿವಿ ಮರಗಟ್ಟುವುದಿಲ್ಲ ಎಂದು ನೆಮ್ಮದಿಯಾಗಿ ಎಲೆಕೋಸಿನ ಉಪ್ಪಿನಕಾಯಿ ಹಾಕಲು ಕೂರುತ್ತಾರೆ.

ನಾನು ಕಳಿಸಿದ ಬೇರು ತಿಂದು ಅಪ್ಪ ಹೋದರು. ಅದನ್ನು ನಾನು ಮರೆತಿಲ್ಲ ಅತ್ತಿಗೆ, ಮರೆಯಲು ಯಾರೂ ಬಿಟ್ಟೂ ಇಲ್ಲ. ಆದರೆ ಅಮ್ಮನಿಗೆ ಅರವತ್ತೆಂಟು. ಅವಳು ಕಣ್ಣು ಮುಚ್ಚುವ ಮುಂಚೆ ಒಂದು ವರ್ಷ, ಒಂದೇ ಒಂದು ವರ್ಷ, ನಾನು ಕಳಿಸಿದ್ದನ್ನು ಬಾಯಿಗೆ ಹಾಕಿಕೊಳ್ಳಬೇಕು. ನನಗೆ ಬೇಕಾದದ್ದು ಇಷ್ಟೆ. ಜಿನ್ಸೆಂಗ್ ಬೇರು ಬೇಡವೆಂದರೆ ಕಾಡಿನ ಅಣಬೆ ಕಳಿಸುತ್ತೇನೆ, ಬಾದಾಮಿಯಂಥ ಪೈನ್ ಬೀಜ ಕಳಿಸುತ್ತೇನೆ. ಏನು ಕಳಿಸಿದರೆ ತೆಗೆದುಕೊಳ್ಳುತ್ತಾಳೆ, ಕೇಳಿ ತಿಳಿಸಿ.

ನಿಮ್ಮ ನಾದಿನಿ,
ಸುಯಾನ್


ಚುವಾನ್‌ಜೌ ಹತ್ತಿರದ ನಮ್ಮೂರು
20 ಜನವರಿ 1987

ಸುಯಾನ್,

ನಿನ್ನ ಕಾಗದ ಬಂದು ಎರಡು ವಾರವಾಯಿತು. ಹೊಸ ವರ್ಷ ಹತ್ತಿರ ಬಂತು, ಗೋಡೆಗೆ ಸುಣ್ಣ, ಹಾಸಿಗೆ ಬಟ್ಟೆ ಒಗೆತ, ಅಕ್ಕಿ ಹಿಟ್ಟು. ಬರೆಯಲು ಕೂರಬೇಕಾದರೆ ಸೊಂಟ ಕೇಳಬೇಕಲ್ಲ.

ಅತ್ತೆಯನ್ನು ಕೇಳಿದೆ. "ಅವಳ ಮಾತು ಎತ್ತಬೇಡ" ಅಂದರು. ಸರಿ, ಎತ್ತಲಿಲ್ಲ. ಈ ಸಲ ಚಳಿ ಕಾಲಿಡುವ ದಿನ ನಾನೇ ಹಳೆಯ ಶುಂಠಿ ಜಜ್ಜಿ ಎಳ್ಳೆಣ್ಣೆಯಲ್ಲಿ ಹುರಿದು ಬಾತುಕೋಳಿ ಬೇಯಿಸಿದ್ದೆ. ಎದುರು ಮನೆ ಅಜ್ಜಿ ಬಾಗಿಲಿಗೆ ಬಂದು ಮೂಗು ಅರಳಿಸಿಕೊಂಡು, "ಘಮಘಮ ಅಂತಿದೆ, ಮಗಳದ್ದಾ?" ಅಂತ ಬೇಕಂತಲೇ ಕೇಳಿತು. ಅತ್ತೆ, "ನನಗೆ ಮಗಳಿಲ್ಲ, ಸೊಸೆ ಇದ್ದಾಳೆ" ಅಂದರು. ಅದು ನನಗೆ ಹೊಗಳಿಕೆ ಅಂದುಕೊಳ್ಳಬೇಡ. ಬಟ್ಟಲು ತಳ ಕಾಣುವವರೆಗೂ ಕುಡಿದು, "ಉಪ್ಪು ಜಾಸ್ತಿ" ಅಂದರು.

ಒಂದು ಮಾತು ಹೇಳುತ್ತೇನೆ, ಬೇಜಾರು ಮಾಡಿಕೊಂಡರೂ ಸರಿ. ದೂರದ ಬೆಟ್ಟ ನುಣ್ಣಗೆ. ನೀನು ವರ್ಷಕ್ಕೊಮ್ಮೆ ಒಂದು ಗಂಟು ಹೊಲಿದು ಕಳಿಸಿ ಅಳುತ್ತೀಯ. ನಾನು ದಿನಾ ಅತ್ತೆಯ ಕಾಲಿಗೆ ಬಿಸಿನೀರು ಕಾಯಿಸುತ್ತೇನೆ. ಈಗೀಗ ಅವರು ಎದ್ದು ನಿಂತರೆ ಕಣ್ಣು ಕತ್ತಲೆ ಬರುತ್ತದೆ, ಗೋಡೆ ಹಿಡಿದೇ ನಡೆಯುತ್ತಾರೆ. ಹಿಡಿದುಕೊಳ್ಳುವವಳು ನಾನು. ನಾನು ಹಿಡಿದುಕೊಂಡದ್ದನ್ನು ಯಾವ ಅಜ್ಜಿಯೂ ಬಾಗಿಲಿಗೆ ಬಂದು ಕೇಳುವುದಿಲ್ಲ.

ಏನೂ ಕಳಿಸಬೇಡ. ಬೇರೂ ಬೇಡ, ಬೀಜವೂ ಬೇಡ. ಯಾಕೆ ಅಂತ ನನ್ನನ್ನು ಕೇಳಬೇಡ.

ಯೂಜಿ


ಜಿನ್ಸೆಂಗ್ ತೋಟ
3 ಮಾರ್ಚ್ 1987

ಅತ್ತಿಗೆ,

ಕೇಳಬೇಡ ಎಂದಿರಿ. ಮೂರು ವರ್ಷ ಕೇಳಲಿಲ್ಲ. ಈಗ ಕೇಳುತ್ತೇನೆ.

ಟೆಲಿಗ್ರಾಂ ಸಿಕ್ಕಿ ನಾನು ಮನೆ ಮುಟ್ಟಿದಾಗ ಅಪ್ಪ ತೀರಿಕೊಂಡು ಏಳನೆಯ ದಿನ. ಬಾಗಿಲಲ್ಲಿ ಚೀಲ ಇಳಿಸುವ ಮೊದಲೇ ಅಮ್ಮನನ್ನು ಕೇಳಿದೆ: "ನಾನು ಕಳಿಸಿದ್ದು ಅಪ್ಪ ತಿಂದ್ರಾ?" ಮಣ್ಣಿಗೂ ಸಿಗದವಳಿಗೆ ಇನ್ನೇನು ಕೇಳುವುದಿತ್ತು? "ತಿಂದ್ರು ಮಗಾ, ಚೆನ್ನಾಗಿ ತಿಂದ್ರು" ಎಂದಳು, ನನ್ನ ತಲೆ ಸವರಿದಳು. ಅಷ್ಟರಲ್ಲಿ ದೊಡ್ಡಪ್ಪ ಒಳಗಿನಿಂದ ಎದ್ದು ಬಂದರು. "ಏನು ತಿಂದ? ಜಿನ್ಸೆಂಗಾ? ಮೈಯಲ್ಲಿ ಜ್ವರ ಇಟ್ಕೊಂಡು? ಜ್ವರದವನಿಗೆ ಪುಷ್ಟಿ ಕೊಡೋದು ಅಂದ್ರೆ ಕಳ್ಳ ಒಳಗಿರುವಾಗಲೇ ಬಾಗಿಲು ಹಾಕ್ದಂಗೆ. ಅಯ್ಯೋ, ನೀವೇ ಕೈಯಾರೆ ಕೊಂದ್ರಲ್ರೇ" ಎಂದರು. ಮನೆ ತುಂಬ ಜನ. ಎಲ್ಲರೂ ನನ್ನ ಕಡೆ ತಿರುಗಿದರು. ಅಮ್ಮನ ಕೈ ನನ್ನ ತಲೆಯ ಮೇಲಿಂದ ಜಾರಿತು, ಮತ್ತೆ ಬರಲಿಲ್ಲ.

ನಾನು ಈ ತೋಟದಲ್ಲಿ ಎಂಟು ವರ್ಷದಿಂದ ದುಡಿಯುವವಳು. ಬೇರಿನ ಗುಣ ನನಗೆ ಗೊತ್ತಿಲ್ಲವೇ? ಪಾರ್ಸೆಲ್‌ನ ಒಳಗೆ ಕಾಗದ ಇಟ್ಟಿದ್ದೆ. ಅದರಲ್ಲಿ ಎರಡು ಸಲ ಬರೆದಿದ್ದೆ: ನೆಗಡಿ, ಜ್ವರ ಇದ್ದರೆ ಮುಟ್ಟಿಸಬೇಡಿ, ಪೂರ್ತಿ ಇಳಿದು ಹತ್ತು ದಿನ ಕಳೆಯಲಿ ಎಂದು. ಅಮ್ಮನಿಗೆ ಓದು ಬರುವುದಿಲ್ಲ. ಅಪ್ಪನ ಕಣ್ಣಿಗೆ ಪೊರೆ ಬಂದಿತ್ತು. ಮನೆಯಲ್ಲಿ ಕಾಗದ ಓದುವವರು ನೀವು. ಒಲೆಯ ಮೇಲೆ ಪಾತ್ರೆ ಇಟ್ಟವರೂ ನೀವು. ಓದಿಯೂ ಬೇಯಿಸಿದಿರಿ. ಓಣಿಯವರು ಕೇಳಿದರೆ ಮಗಳ ಬೇರು ಬೇಯಿಸಿದೆವು ಎನ್ನಲು ಬೇಕಿತ್ತೇ? ಅಥವಾ ಹಾಸಿಗೆ ಹಿಡಿದ ಮುದುಕನ ಸೇವೆ ಸಾಕಾಗಿತ್ತೇ?

ಸುಯಾನ್


ನಮ್ಮೂರು
2 ಏಪ್ರಿಲ್ 1987

ಸುಯಾನ್,

ಕೊನೆಯ ಸಾಲು ಬರೆಯುವಾಗ ನಿನ್ನ ಕೈ ನಡುಗಲಿಲ್ಲವಾ? ನಿಮ್ಮಪ್ಪನ ಮಲ ಮೂತ್ರ ಬಾಚಿದ ಕೈ ಇದು. ಸಾಯುವ ಹಿಂದಿನ ದಿನ ಅವರ ಉಗುರು ಕತ್ತರಿಸಿದ್ದೂ ಇದೇ ಕೈ. ನೀನು ಆಗ ರೈಲು ಹತ್ತಿರಲಿಲ್ಲ.

ಜ್ವರ ಬಂದ ದಿನದಿಂದ ನಾನು ಒಲೆಯ ಮೇಲೆ ಇಟ್ಟದ್ದು ಗಂಜಿ ಮತ್ತು ಈರುಳ್ಳಿ ಬೇರು ಕುದಿಸಿದ ನೀರು. ಬೇರೆ ಏನೂ ಇಲ್ಲ. ನನ್ನ ಪಾತ್ರೆಯಲ್ಲಿ ನಿನ್ನ ಜಿನ್ಸೆಂಗ್ ಇರಲಿಲ್ಲ. ಇಷ್ಟು ತಿಳಿದುಕೋ, ಸಾಕು. ಇನ್ನು ಮೇಲೆ ನನಗೆ ಬರೆಯಬೇಡ.

ಯೂಜಿ


ಜಿನ್ಸೆಂಗ್ ತೋಟ
25 ಏಪ್ರಿಲ್ 1987

ಅತ್ತಿಗೆ,

ಸಾಲದು.

ನಿಮ್ಮ ಪಾತ್ರೆಯಲ್ಲಿ ಇರಲಿಲ್ಲ ಎಂದರೆ ಎಲ್ಲಿತ್ತು? ಅಪ್ಪ ತಿಂದರು ಎಂದು ಅಮ್ಮ ಹೇಳಿದ್ದು ಏನನ್ನು? ಹಿಂದಿನ ಪತ್ರದಲ್ಲಿ ನಿಮಗೆ ಅನ್ನಬಾರದ್ದು ಅಂದೆ. ಅದಕ್ಕೆ ಕ್ಷಮೆ ಕೇಳುತ್ತೇನೆ, ಕಾಲು ಹಿಡಿಯುತ್ತೇನೆ. ಆದರೆ ಇಷ್ಟು ಹೇಳಿ ಸುಮ್ಮನಾಗಬೇಡಿ. ನಿಮ್ಮ ಪತ್ರ ಬಂದ ದಿನದಿಂದ ನನ್ನ ಗಂಡ, "ಊಟದ ಮುಂದೆ ಕೂತು ಏನು ಲೆಕ್ಕ ಹಾಕ್ತಾ ಇದೀಯ?" ಎಂದು ಕೇಳುತ್ತಾನೆ. ನೀವು ಬರೆಯದಿದ್ದರೆ ಅಣ್ಣನಿಗೆ ಬರೆಯುತ್ತೇನೆ, ದೊಡ್ಡಪ್ಪನಿಗೂ ಬರೆಯುತ್ತೇನೆ.

ಸುಯಾನ್


ನಮ್ಮೂರು
30 ಮೇ 1987

ಸುಯಾನ್,

ದೊಡ್ಡಪ್ಪನಿಗೆ ಬರೆಯಬೇಡ. ಬರೆದರೆ ಓಣಿಗೆ ಡಂಗುರ ಹೊಡೆದ ಹಾಗೆ. ಅದಕ್ಕೇ ನಾನೇ ಹೇಳಿಬಿಡುತ್ತೇನೆ. ಒಳ್ಳೆಯತನಕ್ಕೆ ಹೇಳುತ್ತಿದ್ದೇನೆ ಅಂದುಕೊಳ್ಳಬೇಡ, ನನ್ನ ಮೇಲೆ ಬಂದದ್ದಕ್ಕೆ ಹೇಳುತ್ತಿದ್ದೇನೆ. ನೀನು ನನ್ನನ್ನು ದೂರದೇ ಇದ್ದಿದ್ದರೆ ನಾನು ಇದನ್ನು ನನ್ನ ಜೊತೆಗೇ ಮಣ್ಣಿಗೆ ಒಯ್ಯುತ್ತಿದ್ದೆ.

ನಿನ್ನ ಪಾರ್ಸೆಲ್ ಆ ವರ್ಷ ಅಕ್ಟೋಬರ್ ಮೂವತ್ತಕ್ಕೆ ಬಂತು. ಮಾವ ಒಳಗೆ ನಿದ್ದೆ ಮಾಡುತ್ತಿದ್ದರು, ಜ್ವರ ಇನ್ನೂ ಬಂದಿರಲಿಲ್ಲ. ಅತ್ತೆ ಅಡುಗೆ ಮನೆಯಲ್ಲಿ ಬಿಚ್ಚಿದರು. ನಾನು ಅಂಥ ಬೇರು ಹುಟ್ಟಿದ ಮೇಲೆ ನೋಡಿರಲಿಲ್ಲ. ಮನುಷ್ಯನ ಹಾಗೆ ಕೈ ಕಾಲು, ಎಲ್ಲ ನೆಟ್ಟಗೆ, ಒಂದು ಎಳೆಯೂ ಮುರಿದಿಲ್ಲ, ಪಾಚಿಯ ಮೇಲೆ ಮಲಗಿಸಿ ಕಳಿಸಿದ್ದೆ. ಕಾಗದ ಓದಿ ಹೇಳಿದೆ. "ಅಪ್ಪ, ಇದು ನಾನೇ ಅಗೆದದ್ದು, ಅಗೆಯಲು ಅರ್ಧ ದಿನ ಹಿಡಿಯಿತು, ಬೇರೆ ಯಾರ ಕೈಗೂ ಕೊಡಲಿಲ್ಲ" ಅಂತ ಇತ್ತು. ಜ್ವರದ ಮಾತೂ ಇತ್ತು, ಎರಡು ಸಲ.

ನಿಮ್ಮಣ್ಣ ಆಗ ಎರಡು ವರ್ಷದಿಂದ ಕೂಲಿಗೆ ಹೋಗುತ್ತಿದ್ದರು. ಹಣ್ಣನ್ನು ಡಬ್ಬಿಗೆ ತುಂಬುವ ಕಾರ್ಖಾನೆಯಲ್ಲಿ ಒಂದು ಜಾಗ ಖಾಲಿ ಇತ್ತು, ಕೇಳುವವರು ಇಪ್ಪತ್ತು ಜನ. ಅತ್ತೆ ಬೇರನ್ನು ಬಹಳ ಹೊತ್ತು ನೋಡಿದರು. ಆಮೇಲೆ, "ಇದು ಮುದುಕನ ಹೊಟ್ಟೆಗೆ ಹೋದ್ರೆ ಒಂದು ಚಳಿಗಾಲ ದಾಟುತ್ತೆ. ಕಾರ್ಖಾನೆ ಸಾಹೇಬರ ಮನೆಗೆ ಹೋದ್ರೆ ಮಗ ತ್ಯಾನ್‌ಲಾಯ್ ಮೂವತ್ತು ಚಳಿಗಾಲ ದಾಟ್ತಾನೆ" ಅಂದರು. ಕೆಂಪು ಕಾಗದ ಸುತ್ತಿ ಕಟ್ಟಿದವಳು ನಾನು. ನಿಮ್ಮಣ್ಣ ಒಯ್ದು ಕೊಟ್ಟು ಬಂದರು. ನಿನ್ನ ಕಾಗದವನ್ನು ಅತ್ತೆ ಒಲೆಗೆ ಹಾಕಿದರು. ಹೆತ್ತವರಿಗೆ ಹೆಗ್ಗಣ ಮುದ್ದು ಅಂತಾರೆ; ನನಗೆ ಆಡಿಕೊಳ್ಳುವ ಹಕ್ಕಿಲ್ಲ, ಆ ಸಂಬಳದಲ್ಲೇ ನಾನೂ ಉಣ್ಣುತ್ತಿದ್ದೇನೆ.

ಇನ್ನು ಉಳಿದದ್ದು. ಇದನ್ನು ಬರೆಯದೆ ಬಿಡಬಹುದಿತ್ತು. ಬಿಟ್ಟರೆ ಮತ್ತೆ ಕೇಳುತ್ತೀಯ.

ಬೇರು ಕಳಿಸುತ್ತೇನೆ ಅಂತ ನೀನು ಮೊದಲೇ ಬರೆದಿದ್ದೆಯಲ್ಲ, ಮಾವ ಆ ವರ್ಷ ಚಹಾ ಕುಡಿಯುವ ಕಟ್ಟೆಯಲ್ಲಿ ಎಲ್ಲರಿಗೂ ಹೇಳಿಕೊಂಡು ತಿರುಗಿದ್ದರು: "ನೋಡ್ರಯ್ಯಾ, ಈ ಸಲ ನಿಮ್ಮ ಮಕ್ಕಳ ಕೋಳಿ ಬಾತು ಎಲ್ಲ ಒಂದು ಕಡೆ, ನನ್ನ ಮಗಳ ಬೆಟ್ಟದ ಬೇರು ಒಂದು ಕಡೆ." ನವೆಂಬರ್ ಐದನೇ ತಾರೀಖು ಜ್ವರ ಬಂತು. ಆದರೂ ದಿನಾ, "ಅಂಚೆ ಬಂತಾ?" ಅಂತ ಕೇಳುವರು. ಚಳಿ ಕಾಲಿಡುವ ದಿನ ಗಂಜಿ ಕುಡಿಸುತ್ತಿದ್ದೆ. ಬಟ್ಟಲು ತಳ್ಳಿ, "ಇವತ್ತೂ ಬರ್ಲಿಲ್ವಾ?" ಅಂದರು. ಅತ್ತೆ, "ಇಲ್ಲ. ಅಲ್ಲಿ ಹಿಮ ಬಿದ್ದಿರುತ್ತೆ, ಬರುತ್ತೆ ಬಿಡಿ" ಅಂದರು. ಅವರು ಹೊದಿಕೆ ಎಳೆದುಕೊಂಡರು. ಆಮೇಲೆ, "ಹಿಮ ಅಲ್ಲ. ಅವಳಿಗೆ ಇನ್ನೂ ಸಿಟ್ಟು ಹೋಗಿಲ್ಲ. ಅಳಿಯ ಉತ್ತರದ ಸಿಪಾಯಿ ಅಂತ ಮದುವೆ ದಿನ ನಾನು ಮುಖ ತಿರುಗಿಸ್ಕೊಂಡು ಕೂತಿದ್ನಲ್ಲ" ಅಂದರು. ನನ್ನ ಕೈಯಲ್ಲಿ ಚಮಚ ಇತ್ತು. ನಾನು ಅತ್ತೆಯ ಮುಖ ನೋಡಿದೆ, ಅವರು ಗೋಡೆ ನೋಡಿದರು. ಇಬ್ಬರೂ ಹೇಳಲಿಲ್ಲ. ಜ್ವರ ಬಂದ ಒಂಬತ್ತು ದಿನಕ್ಕೆ ಹೋದರು.

ನೀನು ಬಾಗಿಲಲ್ಲಿ ನಿಂತು ಕೇಳಿದಾಗ ಅತ್ತೆ ತಿಂದರು ಅಂದದ್ದು ಮೋಸಕ್ಕಲ್ಲ, ಅದು ನನಗೆ ಗೊತ್ತು. ನಿನ್ನ ಮುಖ ನೋಡಿ ಬಾಯಿಗೆ ಬಂದದ್ದು ಅದು. ದೊಡ್ಡಪ್ಪ ಎದ್ದು ಆ ಮಾತು ಆಡದೇ ಇದ್ದಿದ್ದರೆ ಅದು ಒಳ್ಳೆಯ ಸುಳ್ಳಾಗಿಯೇ ಉಳಿಯುತ್ತಿತ್ತು. ಆಡಿದ ಮೇಲೆ ಹಿಂದಕ್ಕೆ ತೆಗೆದುಕೊಳ್ಳಬೇಕಾದರೆ ಬೇರು ಎಲ್ಲಿ ಹೋಯಿತು ಅಂತ ಹೇಳಬೇಕು. ಹೇಳಿದರೆ ನಿಮ್ಮಣ್ಣನ ಕೆಲಸ ಹೋಗುತ್ತದೆ, ಸಾಹೇಬರದ್ದೂ ಹೋಗುತ್ತದೆ. ಬಿಸಿ ತುಪ್ಪ ಬಾಯಲ್ಲಿ ಇಟ್ಟುಕೊಂಡ ಹಾಗೆ ಆಯಿತು. ಅದಕ್ಕೇ ನಿನ್ನ ಪಾರ್ಸೆಲ್ ಬಂದರೆ ಅವರು ಮೈ ಮೇಲೆ ಹಾವು ಬಿದ್ದವರ ಹಾಗೆ ಆಡುತ್ತಾರೆ. ನಿನ್ನ ಮೇಲಿನ ಕೋಪಕ್ಕಲ್ಲ.

ಈಗ ಗೊತ್ತಾಯಿತಲ್ಲ. ನೀನು ಯಾರನ್ನೂ ಕೊಲ್ಲಲಿಲ್ಲ. ನಾನೂ ಕೊಲ್ಲಲಿಲ್ಲ. ಶ್ವಾಸಕೋಶಕ್ಕೆ ಇಳಿದ ಜ್ವರ, ಎಪ್ಪತ್ತರ ಮುದುಕ, ಹೋದರು.

ಯೂಜಿ


ನಮ್ಮೂರು
12 ಸೆಪ್ಟೆಂಬರ್ 1987

ಪ್ರೀತಿಯ ತಂಗಿ ಸುಯಾನ್‌ಗೆ,

ನಾವೆಲ್ಲ ಕ್ಷೇಮ. ಯೂಜಿಯ ಪತ್ರಕ್ಕೆ ನೀನು ಉತ್ತರ ಬರೆಯದೆ ಮೂರು ತಿಂಗಳಾಯಿತು. ಅವಳು ಏನೇನು ಬರೆದಿದ್ದಾಳೆ ಎಂಬುದನ್ನು ಈಗ ನನಗೆ ಹೇಳಿದಳು. ಅವಳ ಬಾಯಿ ನಿನಗೆ ಗೊತ್ತೇ ಇದೆ, ಒಂದಕ್ಕೆ ಎರಡು ಸೇರಿಸಿರುತ್ತಾಳೆ. ಆದರೂ ಆದದ್ದು ಆಯಿತು. ಮನೆ ಎಂದ ಮೇಲೆ ಒಬ್ಬರಿಗಾಗಿ ಒಬ್ಬರು ಬಿಟ್ಟುಕೊಡುವುದು ಇದ್ದದ್ದೇ. ಅಪ್ಪನಿಗೂ ಇದರಿಂದ ಸಂತೋಷವಾಗುತ್ತಿತ್ತು ಎಂದು ನನಗೆ ಅನ್ನಿಸುತ್ತದೆ.

ಒಂದು ಸಂತೋಷದ ಸುದ್ದಿ. ನಿನಗೆ ಎಲ್ಲ ತಿಳಿದಿದೆ ಎಂದು ಅಮ್ಮನಿಗೆ ಹೇಳಿದೆವು. ಎರಡು ದಿನ ಊಟ ಬಿಟ್ಟಳು. ಮೂರನೆಯ ದಿನ ತಾನಾಗಿಯೇ, "ಈ ವರ್ಷ ಕಳಿಸಲಿ, ತಿಂತೀನಿ. ಓಣಿಯವರ ಮುಂದೆನೇ ಬಿಚ್ತೀನಿ" ಎಂದಳು. ನೀನು ಇಷ್ಟು ವರ್ಷ ಕಾದದ್ದು ಇದಕ್ಕೇ ಅಲ್ಲವೇ? ಅವಳಿಗೆ ಈಗ ನಿಶ್ಶಕ್ತಿ ಜಾಸ್ತಿ, ಗೋಡೆ ಹಿಡಿದರೂ ನಡೆಯಲಾಗುವುದಿಲ್ಲ. ಬೇಗ ಕಳಿಸು. ನವೆಂಬರ್ ಎಂಟಕ್ಕೆ ಮುಂಚೆ ಮುಟ್ಟಬೇಕು.

ಮತ್ತೊಂದು ಮಾತು. ಆಗುವುದಾದರೆ ಎರಡು ಬೇರು ಕಳಿಸು. ಒಂದು ಅಮ್ಮನಿಗೆ. ಇನ್ನೊಂದು ಸ್ವಲ್ಪ ದೊಡ್ಡದಿರಲಿ, ಕೈ ಕಾಲು ಮುರಿಯದ್ದು. ಕಾರ್ಖಾನೆಯಲ್ಲಿ ಹಳೆಯ ಸಾಹೇಬರು ನಿವೃತ್ತಿಯಾಗಿ ಹೊಸಬರು ಬಂದಿದ್ದಾರೆ.

ನಿನ್ನ ಗಂಡನಿಗೆ ನನ್ನ ವಂದನೆಗಳನ್ನು ತಿಳಿಸು.

ನಿನ್ನ ಅಣ್ಣ,
ತ್ಯಾನ್‌ಲಾಯ್


ಜಿನ್ಸೆಂಗ್ ತೋಟ
10 ಅಕ್ಟೋಬರ್ 1987

ಅಮ್ಮಾ,

ಇದನ್ನು ಅತ್ತಿಗೆ ಓದಿ ಹೇಳುತ್ತಾರೆ. ಅತ್ತಿಗೆ, ಒಂದು ಸಾಲೂ ಬಿಡಬೇಡಿ. ಓದಿದ ಮೇಲೆ ಒಲೆಗೆ ಹಾಕಿದರೂ ಅಡ್ಡಿಯಿಲ್ಲ.

ಬೇಸಿಗೆಯೆಲ್ಲ ನನಗೆ ನಿನ್ನ ಮೇಲೆ ಸಿಟ್ಟು ಬರಲಿಲ್ಲ ಎಂದರೆ ನಂಬುತ್ತೀಯಾ? ಮೊದಲು ಹಗುರವಾಯಿತು. ಅಪ್ಪನನ್ನು ನಾನು ಕೊಂದಿಲ್ಲ, ಅಪ್ಪನನ್ನು ನಾನು ಕೊಂದಿಲ್ಲ ಎಂದು ಹೇಳಿಕೊಂಡೇ ಕಳೆ ಕಿತ್ತೆ. ನನ್ನ ಗಂಡ, "ಇಷ್ಟು ದಿನಕ್ಕೆ ಊಟ ರುಚಿಸ್ತಲ್ಲ ನಿನಗೆ" ಎಂದ. ಆಮೇಲೆ ಅಪ್ಪ ಕೇಳಿದ ಮಾತು ಮನಸ್ಸಿಗೆ ಬಂತು, ಬಂದದ್ದು ಹೋಗಲಿಲ್ಲ. ನನ್ನ ಬೇರು ತಿಂದು ಅವರು ಸತ್ತಿದ್ದರೂ ಆಗುತ್ತಿತ್ತು ಅಮ್ಮಾ. ಮಗಳು ಕಳಿಸಿದಳು ಎಂದು ತಿಳಿದು ಸಾಯುತ್ತಿದ್ದರು. ಅವಳಿಗೆ ಇನ್ನೂ ಸಿಟ್ಟು ಹೋಗಿಲ್ಲ ಎಂದುಕೊಂಡು ಹೋದರಲ್ಲ. ಮದುವೆಯ ದಿನ ಅವರು ಮುಖ ತಿರುಗಿಸಿದ್ದು ನನಗೆ ನೆನಪೂ ಇರಲಿಲ್ಲ. ನಾಲ್ಕು ವರ್ಷ ಅವರು ಅದನ್ನು ಮನಸ್ಸಿನಲ್ಲಿ ಇಟ್ಟುಕೊಂಡಿದ್ದರು. ಕಾಗದ ಓದಿ ಹೇಳಿದ್ದರೆ ಸಾಕಿತ್ತು. ಬೇರು ಅಣ್ಣನಿಗೇ ಹೋಗಲಿ, ಸಾಹೇಬರಿಗೇ ಹೋಗಲಿ, ಕಾಗದ ಅಪ್ಪನದಾಗಿತ್ತು.

ಬಾಗಿಲಲ್ಲಿ ನೀನು ಆಡಿದ ಸುಳ್ಳಿಗೆ ನನ್ನ ತಕರಾರಿಲ್ಲ. ಅದು ತಾಯಿಯ ಸುಳ್ಳು. ಆಮೇಲೆ ಎಲ್ಲರೂ ನನ್ನನ್ನು ನೋಡಿದಾಗ ನೀನು ಸುಮ್ಮನಿದ್ದೆಯಲ್ಲ, ಅದನ್ನು ಏನೆಂದು ಕರೆಯಬೇಕೋ ನನಗೆ ಗೊತ್ತಿಲ್ಲ. ಆವತ್ತು ಗಾಬರಿ ಎಂದುಕೊಳ್ಳುತ್ತೇನೆ. ಮಾರನೆಯ ದಿನ? ಮುಂದಿನ ವರ್ಷ? ಮೂರು ಸಲ ಪಾರ್ಸೆಲ್ ವಾಪಸು ಕಳಿಸುವಾಗ?

ಅಣ್ಣ ಬರೆದ ಮೇಲೆ ನಾನು ಬೇರು ಅಗೆದೆ. ಈ ಸಲದ ಬೇರು ನಾನೇ ಬಿತ್ತಿದ್ದು. ಆರು ವರ್ಷ ಬೆಳೆದ ಬೇರು; ಅದರಲ್ಲಿ ನಾಲ್ಕು ವರ್ಷ, ಅಪ್ಪ ನನ್ನ ಬೇರು ತಿಂದೇ ಹೋದರು ಎಂದು ನಂಬಿಕೊಂಡು ಅದಕ್ಕೆ ನೆರಳಿನ ಚಪ್ಪರ ಕಟ್ಟಿದ್ದೇನೆ. ತೊಳೆದೆ, ಪಾಚಿ ಹಾಸಿದೆ, ಬಟ್ಟೆ ಹೊಲಿದೆ. ಅಂಚೆ ಕಚೇರಿಯವರೆಗೂ ಹೋದೆ. ಮುದುಕ, "ಈ ವರ್ಷ ತಗೋತಾರಂತಾ?" ಎಂದು ಕೇಳಿದ. "ತಗೋತಾರಂತೆ" ಎಂದೆ. ತೂಕ ಹಾಕಲು ಕೈ ಚಾಚಿದ. ನನಗೆ ಕೊಡಲು ಕೈ ಬರಲಿಲ್ಲ. ವಾಪಸು ತಂದು ಬಿಚ್ಚಿ, ಕೋಳಿಯ ಜೊತೆ ಬೇಯಿಸಿ ನಾನೂ ನನ್ನ ಗಂಡನೂ ಕೂತು ತಿಂದೆವು. ಅವನಿಗೆ ಕಹಿ ಆಯಿತಂತೆ. ನಾನು ಎರಡನೆಯ ಸಲ ಹಾಕಿಸಿಕೊಂಡೆ.

ಅಣ್ಣನಿಗೆ ಹೇಳು, ಅವನ ಬೇರು ಅವನೇ ಹುಡುಕಿಕೊಳ್ಳಲಿ. ಅತ್ತಿಗೆ, ನಿಮ್ಮ ಕೈಗೆ ನಾನು ಸಲ್ಲದ ಮಾತು ಆಡಿದೆ, ಅದು ನನ್ನ ತಲೆಯ ಮೇಲಿರಲಿ. ಅಮ್ಮನನ್ನು ನೋಡಿಕೊಳ್ಳುತ್ತೀರಿ ಎಂದು ಗೊತ್ತು. ಶುಂಠಿ ಹಾಕಿ ಬಾತುಕೋಳಿ ಬೇಯಿಸಿ, ಉಪ್ಪು ಕಡಿಮೆ ಮಾಡಿ.

ನಿನಗೆ, ಅಮ್ಮಾ, ಈ ವರ್ಷ ನಾನು ಏನೂ ಕಳಿಸುತ್ತಿಲ್ಲ. ಮುಂದೆಯೂ ಕಳಿಸುವುದಿಲ್ಲ. ನವೆಂಬರ್ ಎಂಟಕ್ಕೆ ಎದುರು ಮನೆಯ ಅಜ್ಜಿ ಬಂದೇ ಬರುತ್ತದೆ, ಮಗಳು ಏನು ಕಳಿಸಿದ್ಲು ಎಂದು ಕೇಳಿಯೇ ಕೇಳುತ್ತದೆ. ಬೇರು ಕಳಿಸಿದ್ದಾಳೆ, ಚೆನ್ನಾಗಿ ತಿಂದೆ ಎಂದು ಹೇಳಿಬಿಡು. ಅದು ನಿನಗೆ ಕಷ್ಟವಲ್ಲ.

ಸುಯಾನ್